ಕರಾವಳಿಯ ಹಿತ್ತಿಲ ತರಕಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆ ಹಿತ್ತಿಲಲ್ಲಿ ನಾಲ್ಕು ಬಳ್ಳಿ ಹಬ್ಬಿಸುವವರು ವರ್ಷವಿಡೀ ಕೇಳುವ ಪ್ರಶ್ನೆಗಳು ಇಲ್ಲಿವೆ. ಬೆಂಗಳೂರು, ಮೈಸೂರಿನವರಿಗಾಗಿ ಬರೆದ ತರಕಾರಿ ಕ್ಯಾಲೆಂಡರ್ ನಮ್ಮಲ್ಲಿ ನಡೆಯುವುದಿಲ್ಲ. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಹನಿ ಬಿದ್ದರೆ ಪುಣ್ಯ. ಹಾಗಾಗಿ ಇಲ್ಲಿ ತರಕಾರಿ ಬೆಳೆಯಲು ಮೊದಲು ನೀರಿನ ಲೆಕ್ಕ ಗೊತ್ತಿರಬೇಕು. ಮಳೆಗಾಲದಲ್ಲಿ ಬುಡದಿಂದ ನೀರು ಹೊರಗೆ ಹೋಗಬೇಕು, ಬೇಸಗೆಯಲ್ಲಿ ಬುಡದಲ್ಲೇ ಉಳಿಯಬೇಕು. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ಎರಡು ಮಾತಿಗೇ ಬಂದು ನಿಲ್ಲುತ್ತವೆ.

ಯಾವ ತಿಂಗಳಲ್ಲಿ ಏನು ಹಾಕಬೇಕು?

ವರ್ಷಕ್ಕೆ ಮೂರು ಬಿತ್ತನೆ ಎಂದು ಇಟ್ಟುಕೊಳ್ಳಿ.

ಮೊದಲನೆಯದು ಮೇ ತಿಂಗಳ ಕೊನೆಯ ಹತ್ತು ಹನ್ನೆರಡು ದಿನ, ಅಂದರೆ ಮಳೆಗಾಲದ ಹೊಸ್ತಿಲೆಂದು ತುಳುವರು ಎಣಿಸುವ ಪತ್ತನಾಜೆಯ ಆಸುಪಾಸು. ಆಗ ಊರ ಬೆಂಡೆ, ಹೀರೆ, ಮುಳ್ಳುಸೌತೆ, ಪಡುವಲ, ಹಾಗಲ, ಅಲಸಂಡೆ. ಇವು ಜುಲೈ ಕೊನೆಯಿಂದ ಕೈಗೆ ಬರಲು ಶುರುವಾಗಿ ಚೌತಿಯವರೆಗೂ ಇರುತ್ತವೆ. ಚೌತಿ ಅಡಿಗೆಗೆ ಮನೆಯದೇ ತರಕಾರಿ ಬೇಕು ಅಂದರೆ ಈ ಬಿತ್ತನೆ ತಪ್ಪಿಸಬಾರದು.

ಎರಡನೆಯದು ಅಕ್ಟೋಬರ್, ನವೆಂಬರ್. ಮಳೆಯ ಅಬ್ಬರ ಇಳಿದಿರುತ್ತದೆ, ಮಣ್ಣಲ್ಲಿ ಇನ್ನೂ ತೇವ ಇರುತ್ತದೆ. ಹರಿವೆ, ಬಸಳೆ, ಬದನೆ, ಮೆಣಸು, ಟೊಮೆಟೊ, ಮೂಲಂಗಿ, ಮತ್ತೆ ಅಲಸಂಡೆ. ಹೊಸಬರಿಗೆ ಇದೇ ಒಳ್ಳೆಯ ಸಮಯ. ರೋಗ ಕಡಿಮೆ, ಬಿಸಿಲು ಹದ, ಬಾವಿ ತುಂಬಿರುತ್ತದೆ.

ಮೂರನೆಯದು ಡಿಸೆಂಬರ್ ಕೊನೆ, ಜನವರಿ. ಮಂಗಳೂರು ಸೌತೆ, ಸಿಹಿಕುಂಬಳ, ಬೂದುಕುಂಬಳ, ಬಚ್ಚಂಗಾಯಿ (ಕಲ್ಲಂಗಡಿ). ಏಣೇಲು (ಮಳೆಗಾಲದ ಭತ್ತ) ಕೊಯ್ಲಾದ ಗದ್ದೆ ಇದ್ದವರು ಇದನ್ನು ಗದ್ದೆಯಲ್ಲೇ ಮಾಡುತ್ತಾರೆ. ಇಲ್ಲದವರಿಗೆ ಅಂಗಳದ ಒಂದು ಮೂಲೆ ಸಾಕು.

ಸುವರ್ಣಗಡ್ಡೆ, ಕೆಸು, ಅರಿಶಿನ, ಶುಂಠಿ ಏಪ್ರಿಲ್-ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದ ಕೂಡಲೇ ಮಣ್ಣಿಗೆ ಹೋಗಬೇಕು.

ಮಳೆ ಹಿಡಿದ ಮೇಲೆ ಬೀಜ ಹಾಕಿದರೆ ಆಗುವುದಿಲ್ವಾ? ನೀರು ಹಾಕುವ ಕೆಲಸ ಉಳಿಯುತ್ತದಲ್ಲ?

ನೀರು ಹಾಕುವ ಕೆಲಸ ಉಳಿಯುತ್ತದೆ, ಆದರೆ ಬೀಜವೇ ಉಳಿಯುವುದಿಲ್ಲ. ಜೂನ್ ಮೊದಲ ವಾರದಲ್ಲಿ ಮುಂಗಾರು ಬಂದರೆ ಒಂದೊಂದು ಸಲ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಆ ಹೊತ್ತಿಗೆ ಗಿಡ ನಾಲ್ಕೈದು ಎಲೆ ಬಿಟ್ಟು ಬೇರು ಹಿಡಿದಿರಬೇಕು. ಮೊಳಕೆಯ ಹಂತದಲ್ಲಿದ್ದರೆ ಬುಡ ಕೊಳೆತು ಮಲಗುತ್ತದೆ.

ಮೇ ತಿಂಗಳಲ್ಲಿ ಬಾವಿ ನೀರು ಕಡಿಮೆ ಇದ್ದರೆ ಒಂದು ಉಪಾಯ ಇದೆ. ತೂತು ಮಾಡಿದ ತೆಂಗಿನ ಗೆರಟೆಯಲ್ಲೋ ಹಾಲಿನ ಖಾಲಿ ತೊಟ್ಟೆಯಲ್ಲೋ ಮಣ್ಣು, ಒಣ ಹಟ್ಟಿಗೊಬ್ಬರ ತುಂಬಿ ಒಂದೊಂದು ಬೀಜ ಹಾಕಿ ಜಗಲಿಯ ಅಂಚಿನಲ್ಲಿ ಇಡಿ. ದಿನಕ್ಕೆ ಒಂದು ಚೊಂಬು ನೀರು ಸಾಕು. ಹದಿನೈದು ದಿನಕ್ಕೆ ಸಸಿ ನೆಡಲು ತಯಾರು. ಬಳ್ಳಿ ತರಕಾರಿಯ ಸಸಿ ಕೀಳುವಾಗ ಬೇರಿಗೆ ಪೆಟ್ಟಾಗಬಾರದು. ಮಣ್ಣಿನ ಉಂಡೆ ಸಮೇತ ಇಳಿಸಿ.

ನಮ್ಮದು ಮುರಕಲ್ಲಿನ ಜಾಗ. ಹಾರೆ ಹಾಕಿದರೆ ಟಣ್ ಅನ್ನುತ್ತದೆ. ಇಲ್ಲಿ ತರಕಾರಿ ಆಗುತ್ತದಾ?

ಆಗುತ್ತದೆ. ಅಗೆಯುವುದು ಬೇಡ, ಮೇಲೆ ಕಟ್ಟಿ. ನೆಲದಿಂದ ಒಂದು ಅಡಿ ಎತ್ತರ, ಮೂರು ಅಡಿ ಅಗಲದ ಏರುಮಡಿ ಮಾಡಿ. ಬದಿಗೆ ಕೆಂಪುಕಲ್ಲು, ಅಡಿಕೆ ಸಲಾಕೆ, ತೆಂಗಿನ ಸೋಗೆಯ ಬುಡ, ಯಾವುದು ಇದ್ದರೂ ನಡೆಯುತ್ತದೆ. ಅಡಿಗೆ ತರಗೆಲೆ, ಹಸಿರೆಲೆ, ಮೇಲೆ ಮಣ್ಣು, ಹಟ್ಟಿಗೊಬ್ಬರ. ಎರಡು ಮಡಿಗಳ ನಡುವೆ ನೀರು ಬಸಿದು ಹೋಗಲು ಒಂದು ಕಣಿ ಬೇಕೇ ಬೇಕು. ಕಣಿಯ ಬಾಯಿ ಇಳಿಜಾರಿನ ಕಡೆಗೆ ತೆರೆದಿರಲಿ. ಮಳೆ ನಿಂತ ಅರ್ಧ ಗಂಟೆಯ ನಂತರವೂ ಕಣಿಯಲ್ಲಿ ನೀರು ನಿಂತಿದ್ದರೆ ಅದು ಸಾಲದು, ಇನ್ನೂ ಆಳ ಮಾಡಿ.

ಇಷ್ಟು ಮಳೆ ಬೀಳುವ ಕಡೆ ಮಣ್ಣಿನ ಸುಣ್ಣದ ಅಂಶ ತೊಳೆದು ಹೋಗುತ್ತದೆ. ಅದಕ್ಕೇ ನಮ್ಮ ಮಣ್ಣು ಹುಳಿ. ಹುಳಿ ಮಣ್ಣಲ್ಲಿ ಎಷ್ಟು ಗೊಬ್ಬರ ಹಾಕಿದರೂ ಗಿಡಕ್ಕೆ ಪೂರ್ತಿ ಸಿಗುವುದಿಲ್ಲ. ವರ್ಷಕ್ಕೊಮ್ಮೆ, ಒಂದು ಸೆಂಟ್ಸ್ ಜಾಗಕ್ಕೆ 2ರಿಂದ 3 ಕಿಲೊ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಎರಚಿ ಮಣ್ಣಿಗೆ ಬೆರೆಸಿ. ಗೊಬ್ಬರ ಹಾಕುವುದು ಅದಾಗಿ ಎರಡು ವಾರದ ಮೇಲೆ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.

ಮಲ್ಪೆ, ಕಾಪು, ಸುರತ್ಕಲ್ ಕಡೆಯ ಹೊಯಿಗೆ (ಮರಳು) ಮಣ್ಣಿನವರಿಗೆ ತೊಂದರೆ ಉಲ್ಟಾ. ಅಲ್ಲಿ ನೀರು, ಗೊಬ್ಬರ ಎರಡೂ ನಿಲ್ಲುವುದಿಲ್ಲ. ತೆಂಗಿನ ಸಿಪ್ಪೆಯನ್ನು ಮೇಲ್ಮುಖ ಮಾಡಿ ಗುಂಡಿಯ ತಳದಲ್ಲಿ ಜೋಡಿಸಿ, ಅದರ ಮೇಲೆ ಮಣ್ಣು ತುಂಬಿ. ಸಿಪ್ಪೆ ನೀರು ಹಿಡಿದಿಡುತ್ತದೆ.

ಸುಡುಮಣ್ಣು ಒಳ್ಳೆಯದಾ, ಕೆಟ್ಟದ್ದಾ? ಅಜ್ಜಿ ಹಾಕು ಅನ್ನುತ್ತಾರೆ, ಮಗ ಬೇಡ ಅನ್ನುತ್ತಾನೆ.

ಇಬ್ಬರ ಮಾತಿನಲ್ಲೂ ಹುರುಳಿದೆ. ಮಣ್ಣನ್ನು ತರಗೆಲೆ, ಕಸಕಡ್ಡಿಯ ಜೊತೆ ರಾಶಿ ಹಾಕಿ ನಿಧಾನ ಉರಿಸಿದಾಗ ಕಳೆಬೀಜ, ಹುಳದ ಮೊಟ್ಟೆ, ಕೊಳೆಸುವ ಶಿಲೀಂಧ್ರ ಸಾಯುತ್ತವೆ. ಬೂದಿಯಿಂದ ಪೊಟ್ಯಾಷ್ ಸಿಗುತ್ತದೆ, ಮಣ್ಣಿನ ಹುಳಿ ಸ್ವಲ್ಪ ಇಳಿಯುತ್ತದೆ. ಸೌತೆ, ಕುಂಬಳದ ಗುಂಡಿಗೆ, ಸಸಿ ಮಡಿಗೆ ಇದು ನಿಜಕ್ಕೂ ಒಳ್ಳೆಯದು. ಆದರೆ ಅದೇ ಬೆಂಕಿಯಲ್ಲಿ ಮಣ್ಣಿನ ಜೀವಾಂಶವೂ ಸುಟ್ಟು ಹೋಗುತ್ತದೆ, ಎರೆಹುಳುವೂ ಹೋಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಎರಡು ಮೂರು ಬುಟ್ಟಿ ಸುಡುಮಣ್ಣು ಮಾಡಿ ಬೀಜದ ಗುಂಡಿಗೆ ಮಾತ್ರ ಬಳಸಿ. ಉಳಿದ ತರಗೆಲೆಯನ್ನು ಸುಡಬೇಡಿ, ಬೇಸಗೆಯಲ್ಲಿ ಬುಡಕ್ಕೆ ಹೊದಿಸಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಪ್ಲಾಸ್ಟಿಕ್ ತೊಟ್ಟೆ ಆ ರಾಶಿಗೆ ಯಾವತ್ತೂ ಸೇರಬಾರದು.

ಮಳೆಗಾಲದಲ್ಲಿ ಗೊಬ್ಬರ ಹೇಗೆ ಕೊಡುವುದು?

ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ. ಒಂದೇ ಸಲ ಬುಟ್ಟಿಗಟ್ಟಲೆ ಹಾಕಿದರೆ ಅರ್ಧ ತೋಡಿಗೆ ಹೋಗುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ ಬುಡಕ್ಕೊಂದು ಹಿಡಿ ಕಳಿತ ಹಟ್ಟಿಗೊಬ್ಬರ, ಅದರ ಜೊತೆ ಸ್ವಲ್ಪ ಬೇವಿನ ಹಿಂಡಿ. ಕೂಡಲೇ ಮಣ್ಣು ಏರಿಸಿ ಮುಚ್ಚಿ. ಹಸಿ ಸೆಗಣಿ ಬೇಡ. ಕಡಲೆ ಹಿಂಡಿ ಮಳೆಯಲ್ಲಿ ಬೂಸ್ಟು ಹಿಡಿಯುತ್ತದೆ. ಅದನ್ನು ನವೆಂಬರ್ ನಂತರಕ್ಕೆ ಇಟ್ಟುಕೊಳ್ಳಿ.

ಹೀರೆ, ಸೌತೆ, ಕುಂಬಳದಲ್ಲಿ ಹೂ ತುಂಬಾ ಇದೆ, ಕಾಯಿ ನಿಲ್ಲುವುದಿಲ್ಲ. ಯಾಕೆ?

ಮೊದಲು ಬರುವುದು ಹೆಚ್ಚಾಗಿ ಗಂಡು ಹೂ. ಅವು ಉದುರುವುದು ಸಹಜ. ಹೂವಿನ ಹಿಂದೆ ಪುಟ್ಟ ಕಾಯಿಯ ಆಕಾರ ಇದ್ದರೆ ಅದು ಹೆಣ್ಣು. ಅದೂ ಹಳದಿಯಾಗಿ ಉದುರುತ್ತಿದ್ದರೆ ಪರಾಗ ಸೇರಿಲ್ಲ ಎಂದು ಅರ್ಥ. ಬಿಡದೆ ಮಳೆ ಸುರಿಯುವಾಗ ಜೇನು ಹೊರಗೆ ಬರುವುದಿಲ್ಲ, ಅಲ್ವಾ? ಆ ಕೆಲಸ ನಾವೇ ಮಾಡಬೇಕು. ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಹುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಕುಂಬಳಕ್ಕೆ ಬೆಳಿಗ್ಗೆ ಬೇಗ. ಹೀರೆಗೆ ಸಂಜೆ, ಯಾಕೆಂದರೆ ಹೀರೆ ಹೂ ಅರಳುವುದೇ ಸಂಜೆ. ಬೆಳಿಗ್ಗೆ ಹೋಗಿ ಹೀರೆ ಹೂ ಹುಡುಕಿದರೆ ಸಿಗುವುದು ಬಾಡಿದ್ದೇ.

ಕಾಯಿ ಸಣ್ಣದಿರುವಾಗಲೇ ಸೊಟ್ಟಗಾಗಿ ಕೊಳೆಯುತ್ತದೆ. ಒಳಗೆ ಬಿಳಿ ಹುಳ.

ಹಣ್ಣುನೊಣ. ಎಳೆ ಕಾಯಿಯ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹಾಗಲ, ಹೀರೆ, ಮುಳ್ಳುಸೌತೆ, ಪಡುವಲ ಯಾವುದನ್ನೂ ಬಿಡುವುದಿಲ್ಲ. ಹುಳ ಕಾಯಿಯ ಒಳಗೆ ಇರುವುದರಿಂದ ಮೇಲಿನಿಂದ ಏನು ಸಿಂಪಡಿಸಿದರೂ ಅದಕ್ಕೆ ತಾಗುವುದಿಲ್ಲ.

ಮಾಡಬೇಕಾದದ್ದು ಮೂರು. ಕಾಯಿ ಬೆರಳುದ್ದ ಇರುವಾಗಲೇ ಕಾಗದ ಅಥವಾ ಬಟ್ಟೆಯ ಚೀಲ ಕಟ್ಟಿ. ಕೃಷಿ ಅಂಗಡಿಯಲ್ಲಿ ಸಿಗುವ ಕ್ಯೂ ಲೂರ್ ಬಲೆಯನ್ನು ಚಪ್ಪರದ ಹತ್ತಿರ ತೂಗುಹಾಕಿ. ಅದು ಗಂಡು ನೊಣಗಳನ್ನು ಸೆಳೆದು ಹಿಡಿಯುತ್ತದೆ. ಹೂ ಬಿಡುವ ಮೊದಲೇ ಹಾಕಿದರೆ ಪ್ರಯೋಜನ ಜಾಸ್ತಿ. ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಉದುರಿದ, ಕೊಳೆತ ಕಾಯಿಯನ್ನು ದಿನವೂ ಹೆಕ್ಕಬೇಕು. ಅದನ್ನು ಗೊಬ್ಬರ ಗುಂಡಿಗೆ ಎಸೆದರೆ ಅಲ್ಲಿಂದ ಹೊಸ ನೊಣ ಎದ್ದು ಬರುತ್ತದೆ. ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ಇಲ್ಲವೇ ಎರಡು ಅಡಿ ಆಳದಲ್ಲಿ ಹೂಳಿ. ಅಕ್ಕಪಕ್ಕದ ಮನೆಯವರೂ ಸೇರಿ ಮಾಡಿದರೆ ಮಾತ್ರ ಪೂರ್ತಿ ಫಲ.

ರಾತ್ರಿ ಬೆಳಗಾಗುವಷ್ಟರಲ್ಲಿ ಸಸಿಯೇ ಮಾಯ!

ಆಫ್ರಿಕಾದ ದೊಡ್ಡ ಬಸವನಹುಳು ಇರಬಹುದು. ರಾತ್ರಿ ಎಂಟರ ನಂತರ ಟಾರ್ಚ್ ಹಿಡಿದು ಹೋಗಿ ನೋಡಿ. ಒದ್ದೆ ಗೋಣಿಯ ಅಡಿಗೆ ಪಪ್ಪಾಯಿ ಎಲೆ ಇಟ್ಟರೆ ಅಲ್ಲಿ ಬಂದು ಸೇರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಅವು ಮನುಷ್ಯರಿಗೂ ತಾಗುವ ಪರೋಪಜೀವಿ ಹೊತ್ತಿರಬಹುದು. ಹೆಕ್ಕಿ ಉಪ್ಪುನೀರಿನ ಬಕೆಟ್‌ಗೆ ಹಾಕಿ. ಉಪ್ಪನ್ನು ಮಣ್ಣಿಗೆ ಚೆಲ್ಲಬೇಡಿ, ಗಿಡಕ್ಕೆ ಕೇಡು.

ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಏನೂ ಸಿಗುವುದಿಲ್ಲ. ಆಗ ಏನು ಮಾಡುವುದು?

ಆಟಿಯ ಮೊದಲ ದಿನಗಳಲ್ಲಿ ಹಿತ್ತಿಲ ಬಳ್ಳಿ ಇನ್ನೂ ಹೂ ಬಿಡುವ ಹಂತದಲ್ಲಿರುತ್ತದೆ, ನಿಜ. ಆದರೆ ನಮ್ಮ ಹಿರಿಯರ ಅಡಿಗೆಮನೆ ಆ ತಿಂಗಳಲ್ಲಿ ಖಾಲಿ ಇರಲಿಲ್ಲ. ಬೇಲಿ ಬದಿಯ ತಜಂಕ್ (ತಗಟೆ ಸೊಪ್ಪು), ತೋಡಿನ ಬದಿಯ ಕೆಸು, ತಿಮರೆ (ಒಂದೆಲಗ), ಕಣಿಲೆ (ಎಳೆ ಬಿದಿರು), ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಣ್ಣು ಮೆತ್ತಿ ಇಟ್ಟ ಹಲಸಿನ ಬೀಜ, ಅಟ್ಟಕ್ಕೆ ತೂಗುಹಾಕಿದ ಸೌತೆ. ಇವೆಲ್ಲವೂ ಆಟಿಯ ತರಕಾರಿಯೇ.

ಹಾಗಾಗಿ ತೋಟ ಯೋಚಿಸುವಾಗ ಇವಕ್ಕೂ ಜಾಗ ಇಡಿ. ಬಚ್ಚಲಿನ ನೀರು ಹೋಗುವ ಕಡೆ ಎರಡು ಬುಡ ಕೆಸು ಇದ್ದರೆ ಪತ್ರೊಡೆಗೆ ಅಂಗಡಿಗೆ ಹೋಗಬೇಕಿಲ್ಲ. ಬಾವಿಕಟ್ಟೆಯ ತಂಪಿನಲ್ಲಿ ತಿಮರೆ ತಾನಾಗಿ ಹಬ್ಬುತ್ತದೆ. ಚಕ್ರಮುನಿ ಸೊಪ್ಪಿನ ಗೆಲ್ಲು ಬೇಲಿಗೆ ನೆಟ್ಟರೆ ಮಳೆಯಲ್ಲೂ ಚಿಗುರುತ್ತದೆ. ಕೆಸು ತುರಿಸದಂತೆ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿ. ಕಣಿಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿಟ್ಟೇ ಬಳಸಬೇಕು. ಅದರಲ್ಲಿ ಹಸಿಯಾಗಿ ತಿಂದರೆ ವಿಷವಾಗುವ ಅಂಶ ಇದೆ.

ಟೊಮೆಟೊ, ಬದನೆ ಗಿಡ ಹಸಿರಾಗಿರುವಾಗಲೇ ಬಾಡಿ ಸಾಯುತ್ತದೆ. ನೀರು ಹಾಕಿದರೂ ಏಳುವುದಿಲ್ಲ.

ದುಂಡಾಣು ಸೊರಗು ರೋಗ. ನಮ್ಮ ಹುಳಿ ಮಣ್ಣು, ಸೆಕೆ, ತೇವ ಮೂರೂ ಅದಕ್ಕೆ ಇಷ್ಟ. ಖಾತ್ರಿ ಮಾಡಿಕೊಳ್ಳಲು ಬುಡದ ಕಾಂಡ ಕತ್ತರಿಸಿ, ತಿಳಿ ನೀರಿನ ಗಾಜಿನ ಲೋಟದಲ್ಲಿ ತುದಿ ಮುಳುಗಿಸಿ ಹಿಡಿಯಿರಿ. ಹಾಲಿನಂಥ ಎಳೆ ಕೆಳಗಿಳಿದರೆ ಅದೇ ರೋಗ. ಮದ್ದು ಇಲ್ಲ. ಗಿಡವನ್ನು ಬೇರು ಸಮೇತ ಕಿತ್ತು ಸುಟ್ಟುಬಿಡಿ. ಆ ಮಡಿಯಲ್ಲಿ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸು ಬೇಡ, ಅಲಸಂಡೆ ಅಥವಾ ಹರಿವೆ ಹಾಕಿ.

ಮುಂದೆ ತಳಿ ನೋಡಿ ಆರಿಸಿ. ಬೆಂಗಳೂರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಮತ್ತು ಅರ್ಕಾ ಆನಂದ ಬದನೆಗೆ ಈ ರೋಗ ತಡೆಯುವ ಶಕ್ತಿ ಇದೆ. ಕಾಡುಬದನೆಯಾದ ಸುಂಡೆ ಗಿಡದ ಬುಡಕ್ಕೆ ಬದನೆ ಕಸಿ ಕಟ್ಟಿದ ಸಸಿಯೂ ಚೆನ್ನಾಗಿ ಬಾಳುತ್ತದೆ.

ಮಟ್ಟುಗುಳ್ಳ ಬದನೆ ನಮ್ಮ ಮನೆಯಲ್ಲಿ ಬೆಳೆಯಬಹುದಾ?

ಗಿಡ ಬೆಳೆಯುತ್ತದೆ, ಕಾಯಿಯೂ ಬರುತ್ತದೆ. ಆದರೆ ಕಟಪಾಡಿ ಹತ್ತಿರದ ಮಟ್ಟುವಿನಲ್ಲಿ, ಹೊಳೆ ಮತ್ತು ಸಮುದ್ರದ ನಡುವಿನ ಆ ಮಣ್ಣಲ್ಲಿ ಬೆಳೆದದ್ದರ ರುಚಿ ಬೇರೆ ಕಡೆ ಬರುವುದಿಲ್ಲ ಎನ್ನುವುದು ಬೆಳೆಗಾರರ ಮಾತು. ತಿಂದವರೂ ಒಪ್ಪುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಸೋದೆ ಮಠದ ವಾದಿರಾಜರು ಬೀಜ ಕೊಟ್ಟರು ಎಂಬ ನಂಬಿಕೆ ಊರಲ್ಲಿದೆ. ಕೃಷ್ಣ ಮಠದ ಪೂಜೆಯ ಹೊಣೆ ಕೈ ಬದಲಾಗುವ, ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ನಡೆಯುವ ಉಡುಪಿ ಪರ್ಯಾಯಕ್ಕೂ ಮಟ್ಟುಗುಳ್ಳಕ್ಕೂ ಬಿಡದ ನಂಟು.

ಮನೆಯಲ್ಲಿ ಹಾಕುವುದಾದರೆ ಸೆಪ್ಟೆಂಬರ್ ಕೊನೆಗೆ ಬೀಜ ಬಿತ್ತಿ, ತಿಂಗಳ ನಂತರ ಸಸಿ ನೆಡಿ. ಬಿಸಿಲು ಪೂರ್ತಿ ಬೇಕು. ಮಾರಾಟಕ್ಕಿಟ್ಟು ಅದನ್ನು ಮಟ್ಟುಗುಳ್ಳ ಎಂದು ಮಾತ್ರ ಕರೆಯಬೇಡಿ. ಆ ಹೆಸರು ಮಟ್ಟುವಿನ ರೈತರ ದುಡಿಮೆಯದ್ದು.

ಹರಿವೆ ಬೀಜ ಹಾಕಿದಷ್ಟೂ ಇರುವೆ ಹೊತ್ತುಕೊಂಡು ಹೋಗುತ್ತದೆ.

ಬೀಜಕ್ಕೆ ಒಂದು ಹಿಡಿ ರವೆ ಬೆರೆಸಿ ಎರಚಿ. ಇರುವೆ ರವೆಗೆ ಹೋಗುತ್ತದೆ, ಬೀಜ ಉಳಿಯುತ್ತದೆ. ಸ್ವಲ್ಪ ಹೊಯಿಗೆಯೂ ಸೇರಿಸಿದರೆ ಸಮನಾಗಿ ಬೀಳುತ್ತದೆ. 25ರಿಂದ 30 ದಿನಕ್ಕೆ ಸೊಪ್ಪು ತಯಾರು. ಹದಿನೈದು ದಿನಕ್ಕೊಂದು ಸಣ್ಣ ಮಡಿ ಬಿತ್ತುತ್ತಾ ಹೋದರೆ ನವೆಂಬರ್‌ನಿಂದ ಮೇವರೆಗೆ ಸೊಪ್ಪು ತಪ್ಪುವುದಿಲ್ಲ.

ಅಲಸಂಡೆ ತುದಿಯಲ್ಲಿ ಕಪ್ಪು ಹೇನು ಮುತ್ತಿದೆ.

ಬೆಳಗಿನ ಇಬ್ಬನಿಯಲ್ಲಿ ಒಲೆಬೂದಿ ಎರಚಿ. ಇಲ್ಲವೇ ಪೈಪಿನ ನೀರು ರಭಸವಾಗಿ ಬಿಟ್ಟು ತೊಳೆಯಿರಿ. ಜಾಸ್ತಿ ಇದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಬೆರೆಯಲು ಸ್ವಲ್ಪ ಸೋಪಿನ ನೀರು. ಸಿಂಪಡಿಸುವುದು ಸಂಜೆಗೆ. ಹೇನಿನ ಜೊತೆ ಇರುವೆ ಸಾಲು ಇದ್ದರೆ ಅದನ್ನೂ ತಡೆಯಬೇಕು. ಹೇನು ಬಿಡುವ ಸಿಹಿಗಾಗಿ ಇರುವೆಗಳೇ ಅವನ್ನು ಕಾಯುತ್ತವೆ.

ಏಪ್ರಿಲ್-ಮೇ ತಿಂಗಳಲ್ಲಿ ಬಾವಿ ತಳ ಕಾಣುತ್ತದೆ. ತೋಟ ಉಳಿಸುವುದು ಹೇಗೆ?

ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲೂ ಉಡುಪಿಗೆ ಕೊಡುವ ಬಜೆಯಲ್ಲೂ ನೀರು ಇಳಿದು, ನಳ್ಳಿಗೆ ನೀರು ದಿನ ಬಿಟ್ಟು ದಿನ ಬಂದ ಬೇಸಗೆಗಳನ್ನು ನಾವೆಲ್ಲ ನೋಡಿದ್ದೇವೆ. ಮೊದಲು ತೋಟವನ್ನು ಸಣ್ಣದು ಮಾಡಿ. ಮಾರ್ಚ್ ನಂತರ ಪತ್ತನಾಜೆಯ ಬಿತ್ತನೆಯವರೆಗೆ, ಹರಿವೆಯ ಸಣ್ಣ ಮಡಿ ಬಿಟ್ಟು ಹೊಸದೇನೂ ಬಿತ್ತಬೇಡಿ. ಬಸಳೆ, ಹರಿವೆ, ತೊಂಡೆ, ನಾಲ್ಕು ಬುಡ ಮೆಣಸು ಇಷ್ಟನ್ನು ಕಾಪಾಡಿದರೆ ಸಾಕು.

ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ. ನೀರು ಸಂಜೆ ಹಾಕಿ, ನೇರ ಬುಡಕ್ಕೆ ಹಾಕಿ. ಅಕ್ಕಿ, ತರಕಾರಿ, ಮೀನು ತೊಳೆದ ನೀರು ಒಂದು ಬಕೆಟ್‌ನಲ್ಲಿ ಸೇರಲಿ. ಕುಚ್ಚಲಕ್ಕಿ ತೆಳಿ (ಗಂಜಿನೀರು) ಉಳಿದರೆ ಆರಿಸಿ, ನೀರು ಬೆರೆಸಿ ಹಾಕಿ. ಮಧ್ಯಾಹ್ನದ ಬಿಸಿಲು ತಡೆಯಲು ತೆಂಗಿನ ಮಡಲು ಓರೆಯಾಗಿ ಊರಿ.

ಹೊಳೆ, ಕಡಲ ಹತ್ತಿರದವರ ಬಾವಿ ಈ ಸಮಯದಲ್ಲಿ ಉಪ್ಪಾಗುತ್ತದೆ. ಉಪ್ಪುನೀರು ಹಾಕಿದರೆ ಎಲೆಯ ಅಂಚು ಸುಟ್ಟಂತೆ ಆಗುತ್ತದೆ.  ಮಳೆ ಬಂದ ಮೇಲೆ ಆ ಉಪ್ಪು ತೊಳೆದು ಹೋಗುತ್ತದೆ, ಮಣ್ಣು ಕೆಟ್ಟಿತೆಂದು ಬೇಸರ ಬೇಡ.

ಬಸಳೆ, ತೊಂಡೆ ವರ್ಷಗಟ್ಟಲೆ ಉಳಿಸುವುದು ಹೇಗೆ?

ಎರಡನ್ನೂ ಕಾಂಡದಿಂದಲೇ ಬೆಳೆಸಿ. ತೊಂಡೆಯನ್ನು ಬೀಜದಿಂದ ಮಾಡಿದರೆ ಕಾಯಿ ಬಿಡದ ಗಂಡು ಬಳ್ಳಿ ಬರಬಹುದು. ಚೆನ್ನಾಗಿ ಕಾಯಿ ಬಿಡುವ ಬಳ್ಳಿಯ ಬಲಿತ ಕಾಂಡ ಒಂದು ಅಡಿ ತುಂಡು ಮಾಡಿ, ಓರೆಯಾಗಿ ನೆಡಿ. ಚಪ್ಪರ ಗಟ್ಟಿ ಇರಲಿ. ವರ್ಷಕ್ಕೊಮ್ಮೆ ಮೊಣಕಾಲೆತ್ತರಕ್ಕೆ ಕಡಿದು ಗೊಬ್ಬರ ಕೊಟ್ಟರೆ ಹೊಸದಾಗಿ ಚಿಗುರುತ್ತದೆ.

ಬಸಳೆಗೆ ನೀರು ಬೇಕು, ಆದರೆ ನಿಂತ ನೀರು ಆಗದು. ಮಳೆಗಾಲದಲ್ಲಿ ಎಲೆಗೆ ಕೆಂಪಂಚಿನ ಚುಕ್ಕೆ ಬೀಳುತ್ತದೆ. ಅಂಥ ಎಲೆ ಕಿತ್ತು ದೂರ ಹಾಕಿ, ಬಳ್ಳಿ ತೆಳ್ಳಗೆ ಮಾಡಿ ಗಾಳಿಯಾಡಲು ಬಿಡಿ. ದಂಟು ಕೊಯ್ಯುವಾಗ ಬುಡದಲ್ಲಿ ಎರಡು ಗಂಟು ಉಳಿಸಿ. ಸಿಗಡಿಗೋ ಹಲಸಿನ ಬೀಜಕ್ಕೋ ಬೇಕಾದಷ್ಟು ಮತ್ತೆ ಬರುತ್ತದೆ.

ಮಂಗಳೂರು ಸೌತೆ ಎಷ್ಟು ದಿನ ಇಡಬಹುದು? ಬೀಜ ತೆಗೆಯುವುದು ಹೇಗೆ?

ಪೂರ್ತಿ ಬಲಿತು ಬಣ್ಣ ತಿರುಗಿದ ಮೇಲೆ, ತೊಟ್ಟು ಸಮೇತ ಕೊಯ್ದರೆ ತಿಂಗಳುಗಟ್ಟಲೆ ಇರುತ್ತದೆ. ಒಂದಕ್ಕೊಂದು ತಾಗದಂತೆ ಬಾಳೆನಾರಿನಲ್ಲಿ ಕಟ್ಟಿ ಗಾಳಿಯಾಡುವ ಕಡೆ ತೂಗುಹಾಕಿ. ಪೆಟ್ಟಾದ ಕಾಯಿ ಮೊದಲು ಸಾಂಬಾರಿಗೆ.

ಬೀಜಕ್ಕೆ ಬಳ್ಳಿಯ ನಡುಪ್ರಾಯದ ಒಳ್ಳೆಯ ಕಾಯಿ ಬಿಡಿ. ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ, ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ. ಮಳೆಗಾಲದ ತೇವ ಬೀಜಕ್ಕೆ ದೊಡ್ಡ ಶತ್ರು. ಮಂಗಳೂರು ಸೌತೆ ಮತ್ತು ಖರಬೂಜ ಒಂದೇ ಜಾತಿ. ಪಕ್ಕದಲ್ಲಿ ಎರಡೂ ಇದ್ದರೆ ಬೀಜ ಬೆರಕೆಯಾಗುತ್ತದೆ. ಮುಳ್ಳುಸೌತೆ ಬೇರೆ ಜಾತಿ, ಅದರಿಂದ ತೊಂದರೆ ಇಲ್ಲ. ಇನ್ನೊಂದು ಮುಖ್ಯ ಮಾತು: ಸೋರೆಯೋ ಹೀರೆಯೋ ಕಹಿ ಬಂದರೆ ರುಚಿ ನೋಡಿದಲ್ಲಿಗೇ ನಿಲ್ಲಿಸಿ, ಎಸೆಯಿರಿ. ಆ ಕಹಿ ಅಂಶ ವಾಂತಿ, ಭೇದಿ ತರುತ್ತದೆ, ಕೆಲವೊಮ್ಮೆ ಜೀವಕ್ಕೂ ಅಪಾಯ.

ನಾವು ಮಂಗಳೂರಿನ ಬಿಜೈಯಲ್ಲಿ ಫ್ಲ್ಯಾಟಿನಲ್ಲಿದ್ದೇವೆ. ಬಾಲ್ಕನಿಯಲ್ಲಿ ಏನು ಆಗುತ್ತದೆ?

ದಿನಕ್ಕೆ ಐದು ಗಂಟೆ ಬಿಸಿಲಿದ್ದರೆ ಮೆಣಸು, ಬೆಂಡೆ, ಅಲಸಂಡೆ. ಮೂರು ಗಂಟೆಯಾದರೆ ಹರಿವೆ, ಬಸಳೆ, ತಿಮರೆ, ಸಾಂಬ್ರಾಣಿ ಸೊಪ್ಪು (ದೊಡ್ಡಪತ್ರೆ). ಗ್ರೋ ಬ್ಯಾಗ್‌ಗೆ ಮಣ್ಣು, ಕಾಂಪೋಸ್ಟ್, ತೆಂಗಿನ ನಾರಿನ ಹುಡಿ ಸಮಪಾಲು. ಮಳೆಗಾಲದಲ್ಲಿ ಶೀಟಿನಿಂದ ನೀರು ಇಳಿಯುವ ಅಂಚಿನಡಿ ಚೀಲ ಇಡಬೇಡಿ. ಎರಡು ಇಟ್ಟಿಗೆ ಮೇಲೆ ಇಟ್ಟರೆ ನೀರು ಬಸಿದು ಹೋಗುತ್ತದೆ, ತಾರಸಿಯೂ ಸೋರುವುದಿಲ್ಲ.

ಕ್ಯಾರೆಟ್, ಹೂಕೋಸು?

ಕ್ಯಾರೆಟ್ ಬಿಡಿ. ಕೋಸು, ಹೂಕೋಸು ಬಿಸಿಲು ತಡೆಯುವ ತಳಿಯಾದರೆ ನವೆಂಬರ್‌ನಲ್ಲಿ ನೆಟ್ಟು ನೋಡಬಹುದು. ಘಟ್ಟದ ತರಕಾರಿ ಘಟ್ಟದಲ್ಲೇ ಚೆನ್ನ. ಆ ಜಾಗಕ್ಕೆ ಇನ್ನೊಂದು ಸಾಲು ಊರ ಬೆಂಡೆ ಹಾಕಿ.

ನವಿಲು, ಮಂಗ ಏನೂ ಉಳಿಸುವುದಿಲ್ಲ.

ಇದಕ್ಕೆ ಸುಲಭದ ಉತ್ತರ ಇಲ್ಲ, ತೊಂದರೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ನವಿಲಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅದಕ್ಕೆ ಹಾನಿ ಮಾಡುವಂತಿಲ್ಲ. ಸಸಿ ಮಡಿಗೆ ಹಳೆಯ ಮೀನುಬಲೆ ಹೊದಿಸಿದರೆ ನವಿಲು ತಡೆಯಬಹುದು. ಮಂಗ ಬರುವ ಕಡೆ ಮಣ್ಣೊಳಗೆ ಬೆಳೆಯುವುದನ್ನು, ಖಾರದ್ದನ್ನು, ಕಹಿಯದ್ದನ್ನು ಜಾಸ್ತಿ ಮಾಡಿ: ಸುವರ್ಣಗಡ್ಡೆ, ಕೆಸು, ಗಾಂಧಾರಿ ಮೆಣಸು, ಹಾಗಲ.

ಒಳ್ಳೆಯ ಬೀಜ, ಸಲಹೆ ಎಲ್ಲಿ ಸಿಗುತ್ತದೆ?

ಮೊದಲು ನೆರೆಮನೆಯಲ್ಲಿ ಕೇಳಿ. ನಿಮ್ಮ ಊರಿನ ಮಳೆ ಕಂಡ ಬೀಜ ಅಲ್ಲೇ ಇರುತ್ತದೆ. ಕೊಟ್ಟವರಿಗೆ ಮುಂದಿನ ವರ್ಷ ನಿಮ್ಮ ಬೀಜ ಕೊಡಿ. ಉಡುಪಿ ಕಡೆಯವರಿಗೆ ಬ್ರಹ್ಮಾವರದಲ್ಲಿ, ದಕ್ಷಿಣ ಕನ್ನಡದವರಿಗೆ ಮಂಗಳೂರಿನ ಕಂಕನಾಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ರೋಗದ ಎಲೆಯನ್ನೋ ಕಾಯಿಯನ್ನೋ ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗಿ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿದರೆ ದಾರಿಯಲ್ಲೇ ಬೆಂದು ಹೋಗಿ ರೋಗದ ಗುರುತು ಸಿಗುವುದಿಲ್ಲ.